ಕಾಲು ನೋಯುವಾಗ ಎಷ್ಟು ಓಡಬೇಕು, ನಕ್ಷೆ ಹಿಡಿದು ಎಲ್ಲಿ ನಡೆಯಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ಬೆಳಗಿನ ಐದೂವರೆಗೆ ಹೊರಗೆ ಬಂದರೆ ಓಡುವವರು ಎಲ್ಲಾ ಕಡೆ ಕಾಣುತ್ತಾರೆ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಕೆಸಿಡಿ ಮೈದಾನ, ಕೆಲಗೇರಿ ಕೆರೆ, ಕರ್ನಾಟಕ ವಿಶ್ವವಿದ್ಯಾಲಯದ ಏರು ರಸ್ತೆ. ಇವರಲ್ಲಿ ಯಾರನ್ನೇ ಕೇಳಿ, ಹಿಮ್ಮಡಿಯೋ ಮೊಣಕಾಲೋ ಕಣಕಾಲೋ ಯಾವಾಗಲಾದರೂ ಕಾಡಿಯೇ ಇರುತ್ತದೆ. ಆಗ ಅವರಿಗೆ ಸಿಗುವ ಸಲಹೆ ಎರಡೇ. "ಒಂದ್ ತಿಂಗಳು ಓಟ ಬಿಟ್ಟಬಿಡ್ರಿ" ಎನ್ನುವವರು ಕೆಲವರು. "ಓಡ್ತಾ ಓಡ್ತಾ ತಾನಾ ಸರಿ ಹೋಗ್ತದ" ಎನ್ನುವವರು ಉಳಿದವರು.

ಎರಡೂ ಸಲಹೆಯಲ್ಲಿ ಮುಖ್ಯ ಪ್ರಶ್ನೆಯೇ ಬಿಟ್ಟುಹೋಗಿದೆ. ನೋಯುತ್ತಿರುವುದು ಯಾವ ಭಾಗ? ಅದು ಇವತ್ತು ಎಷ್ಟು ಭಾರ ತಾಳುತ್ತದೆ? ಇದಕ್ಕೆ ಉತ್ತರ ಗೊತ್ತಾದರೆ ಸಣ್ಣಪುಟ್ಟ ನೋವಿಗೆ ತರಬೇತಿ ಪೂರ್ತಿ ನಿಲ್ಲಿಸಬೇಕಾಗಿಲ್ಲ. ನೋವಿರುವ ಜಾಗದಿಂದ ಭಾರ ಇಳಿಸಿ, ಉಳಿದ ಕಡೆಗೆ ಹಂಚಿದರೆ ಸಾಕು. ಬರೀ ರಸ್ತೆ ಓಟಗಾರರಿಗಿಂತ ಓರಿಯಂಟೀರಿಂಗ್ ಮಾಡುವವರಿಗೆ ಈ ಹಂಚಿಕೆ ಸುಲಭ, ಯಾಕೆಂದರೆ ಅವರ ಆಟದ ಅರ್ಧ ಭಾಗ ತಲೆಯಲ್ಲಿ ನಡೆಯುತ್ತದೆ.

ಈ ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಕೈಯಲ್ಲಿ ಒಂದು ನಕ್ಷೆ, ಒಂದು ಕಂಪಾಸ್. ಕಾಡಿನಲ್ಲೋ ಗುಡ್ಡದಲ್ಲೋ ಊರೊಳಗೋ ಕಿತ್ತಳೆ-ಬಿಳಿ ಬಣ್ಣದ ಸಣ್ಣ ಬಾವುಟಗಳನ್ನು ಇಟ್ಟಿರುತ್ತಾರೆ. ಅವನ್ನು ಕಂಟ್ರೋಲ್ ಅನ್ನುತ್ತಾರೆ. ನಕ್ಷೆಯಲ್ಲಿ ಗುರುತು ಮಾಡಿದ ಕ್ರಮದಲ್ಲೇ ಎಲ್ಲವನ್ನೂ ಮುಟ್ಟಿ ಬರಬೇಕು. ಯಾವ ದಾರಿಯಲ್ಲಿ ಹೋಗುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಸ್ವೀಡನ್ ಮತ್ತು ನಾರ್ವೆಯ ಸೈನ್ಯದ ತರಬೇತಿಯಿಂದ ಹುಟ್ಟಿದ ಆಟ ಇದು. ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1961ರಲ್ಲಿ. ನಮ್ಮಲ್ಲಿ ಎನ್‌ಸಿಸಿ ಮಾಡಿದವರಿಗೆ ಮ್ಯಾಪ್ ರೀಡಿಂಗ್ ಹೊಸದೇನಲ್ಲ, ಅದನ್ನೇ ಓಡುತ್ತಾ ಮಾಡುವುದು ಅಂದುಕೊಳ್ಳಿ.

ದಮ್ಮು ಅಷ್ಟು ಬೇಗ ಹೋಗುವುದಿಲ್ಲ

ನೋವಿದ್ದರೂ ಜನ ಓಡುವುದಕ್ಕೆ ದೊಡ್ಡ ಕಾರಣ ಹೆದರಿಕೆ. ಒಂದು ವಾರ ಬಿಟ್ಟರೆ ಗಳಿಸಿದ್ದೆಲ್ಲ ಹೋಯಿತು ಅನ್ನುವ ಹೆದರಿಕೆ. ಇದು ನಿಜ ಅಲ್ಲ. 1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಅವರ ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳಿಗೆ ತರಬೇತಿ ಪೂರ್ತಿ ನಿಲ್ಲಿಸಲು ಹೇಳಿ ಅಳೆದು ನೋಡಿದರು. ದೇಹ ಆಮ್ಲಜನಕ ಬಳಸುವ ಶಕ್ತಿ ಮೊದಲ ಮೂರು ವಾರಗಳಲ್ಲಿ ಇಳಿದದ್ದು ಸುಮಾರು 7 ಪ್ರತಿಶತ. ಎಂಟು ವಾರದ ಹೊತ್ತಿಗೆ ಸುಮಾರು 16 ಪ್ರತಿಶತಕ್ಕೆ ಬಂದು ನಿಂತಿತು. ಅದೂ ಏನೂ ಮಾಡದೆ ಸುಮ್ನೆ ಕೂತಾಗ. ಮೊದಲ ಕೆಲವು ದಿನಗಳಲ್ಲಿ ಕಡಿಮೆಯಾಗುವುದು ಮುಖ್ಯವಾಗಿ ರಕ್ತದ ನೀರಿನ ಅಂಶ. ಮತ್ತೆ ಶುರು ಮಾಡಿದರೆ ಅದು ಬೇಗ ತುಂಬಿಕೊಳ್ಳುತ್ತದೆ.

ಸೈಕಲ್ ತುಳಿದರೆ, ನೀರಿನಲ್ಲಿ ಓಡಿದರೆ ಅಷ್ಟೂ ಇಳಿಯುವುದಿಲ್ಲ. ಆಳದ ನೀರಿನಲ್ಲಿ ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕಾಲು ತಳಕ್ಕೆ ತಾಗದ ಹಾಗೆ ಓಟದ ಚಲನೆ ಮಾಡುವುದನ್ನು ನೀರೋಟ ಅನ್ನೋಣ. ನಾಲ್ಕರಿಂದ ಆರು ವಾರ ಬರೀ ಇದನ್ನೇ ಗಟ್ಟಿಯಾಗಿ ಮಾಡಿದವರು ತಮ್ಮ ದಮ್ಮನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಳ್ಳುತ್ತಾರೆ. ನೀರಿನಲ್ಲಿ ಹೃದಯದ ಬಡಿತ ನೆಲದ ಮೇಲಿನ ಓಟಕ್ಕಿಂತ ನಿಮಿಷಕ್ಕೆ ಹತ್ತರಷ್ಟು ಕಡಿಮೆ ಇರುತ್ತದೆ. ಆದ್ದರಿಂದ ಕೈಗಡಿಯಾರ ತೋರಿಸುವ ಸಂಖ್ಯೆ ನೋಡಿ ಸಾಲದು ಅಂದುಕೊಳ್ಳಬೇಡಿ, ಉಸಿರು ನೋಡಿ. ಈಜುಕೊಳ ಸಿಗದವರಿಗೆ ಸೈಕಲ್ ಸಾಕು. ಧಾರವಾಡದ ಏರಿಳಿತದ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಿಮ್ಮಡಿಯ ಮೇಲಿನ ನರ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಟೆಂಡನ್) ನೋಯುತ್ತಿದ್ದರೆ ಪೆಡಲನ್ನು ಕಾಲ್ಬೆರಳ ಬುಡದಿಂದ ತುಳಿಯದೆ ಅಂಗಾಲಿನ ನಡುವಿನಿಂದ ತುಳಿಯಿರಿ, ಭಾರ ಇಳಿಯುತ್ತದೆ.

ದಮ್ಮು ನಿಧಾನವಾಗಿ ಇಳಿಯುತ್ತದೆ, ಸರಿ. ಪೆಟ್ಟಾದ ಭಾಗ ವಾಸಿಯಾಗುವ ವೇಗ ಮಾತ್ರ ಒಂದೊಂದಕ್ಕೆ ಒಂದೊಂದು. ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಸಣ್ಣ ಸೆಳೆತ ಒಂದರಿಂದ ಮೂರು ವಾರದಲ್ಲಿ ಸರಿಹೋಗುತ್ತದೆ. ಎಲುಬನ್ನು ಎಲುಬಿಗೆ ಬಿಗಿಯುವ ಲಿಗಮೆಂಟ್ ಸ್ವಲ್ಪ ಎಳೆದಿದ್ದರೆ ಓಡಾಟಕ್ಕೆ ಒಂದೆರಡು ವಾರ ಸಾಕು, ಪೂರ್ತಿ ಬಲ ಬರಲು ಅದಕ್ಕಿಂತ ಜಾಸ್ತಿ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ತುಂಬಾ ನಿಧಾನ, ಮೂರು ತಿಂಗಳು ಲೆಕ್ಕ ಹಿಡಿಯಬೇಕು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿದ್ದರೆ ಆರರಿಂದ ಎಂಟು ವಾರ, ಕೆಲವು ಜಾಗಗಳಲ್ಲಿ ಇನ್ನೂ ಹೆಚ್ಚು. "ಹತ್ತು ದಿನ ರೆಸ್ಟ್ ಮಾಡಿದೆ, ಇನ್ನೂ ನೋಯ್ತಾ ಇದೆ" ಎನ್ನುವವರು ಬಹಳ ಸಲ ಟೆಂಡನ್ನಿಗೆ ಸ್ನಾಯುವಿನ ಗಡುವು ಕೊಟ್ಟಿರುತ್ತಾರೆ.

ಇನ್ನೊಂದು ವಿಚಿತ್ರ ಇದೆ. ಟೆಂಡನ್ನಿಗೆ ಪೂರ್ತಿ ವಿಶ್ರಾಂತಿ ಕೊಟ್ಟರೆ ಅದು ಇನ್ನೂ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ನಿಧಾನದ, ತೂಕದ ಕೆಲಸ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ತೋರಿಸಿದ ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಚಿ 15ರಂತೆ ಮೂರು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, 12 ವಾರ. ನೋವು ಹಿಮ್ಮಡಿ ಎಲುಬಿಗೆ ನರ ಅಂಟುವ ಜಾಗದಲ್ಲೇ ಇದ್ದರೆ ಮಾತ್ರ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಡಿ, ಸಮ ನೆಲದ ಮೇಲೆ ಮಾಡಿ.

ಎಲ್ಲಿ ನಿಲ್ಲಿಸಲೇಬೇಕು

ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಎಲುಬಿನ ನೋವಿನ ಜೊತೆ ರಾಜಿ ಇಲ್ಲ.

ಧಾರವಾಡಕ್ಕೆ ಪೊಲೀಸ್, ಸೇನೆ ನೇಮಕಾತಿಗೆ ತಯಾರಾಗಲು ಎಲ್ಲೆಲ್ಲಿಂದಲೋ ಹುಡುಗ-ಹುಡುಗಿಯರು ಬರುತ್ತಾರೆ. ಇಡೀ ದಿನ ಕೋಚಿಂಗ್ ಮತ್ತು ಲೈಬ್ರರಿ. ದೈಹಿಕ ಪರೀಕ್ಷೆಯ ದಿನ ಗೊತ್ತಾದ ಕೂಡಲೇ ಡಾಂಬರು ರಸ್ತೆಯ ಮೇಲೆ ದಿನಾ 1600 ಮೀಟರ್ ಜೋರು ಓಟ. ಎರಡು ಮೂರು ವಾರದಲ್ಲಿ ಕಾಲಿನ ಮುಂದಿನ ಎಲುಬು ನೋಯಲು ಶುರು. ಈ ನೋವಿನಲ್ಲಿ ಎರಡು ಬಗೆ ಇದೆ. ಎಲುಬಿನ ಒಳ ಅಂಚಿನಗುಂಟ ಐದು ಸೆಂಟಿಮೀಟರಿಗಿಂತ ಉದ್ದಕ್ಕೆ ಹರಡಿಕೊಂಡ ನೋವು ಒಂದು. ಓಡಲು ಶುರು ಮಾಡಿದಾಗ ಜಾಸ್ತಿ, ಮೈ ಬಿಸಿಯಾದ ಮೇಲೆ ಕಡಿಮೆ. ಇದಕ್ಕೆ ಓಟದ ದೂರ ಅರ್ಧಕ್ಕಿಂತ ಕೆಳಗೆ ಇಳಿಸಿ, ಮಣ್ಣಿನ ನೆಲಕ್ಕೆ ಬದಲಾಯಿಸಿ, ಮೀನಖಂಡಕ್ಕೆ ಬಲ ಕೊಟ್ಟರೆ ತಹಬಂದಿಗೆ ಬರುತ್ತದೆ. ಎರಡನೆಯದು ಒಂದೇ ಬೆರಳಿನಿಂದ ತೋರಿಸಬಹುದಾದ ನೋವು. ಒತ್ತಿದರೆ ಜೀವ ಹೋದಂತಾಗುತ್ತದೆ. ಓಡಿದಷ್ಟೂ ಏರುತ್ತದೆ, ರಾತ್ರಿ ಮಲಗಿದಾಗಲೂ ಇರುತ್ತದೆ, ಒಂಟಿಗಾಲಲ್ಲಿ ಕುಪ್ಪಳಿಸಲು ಆಗುವುದಿಲ್ಲ. ಇದು ಎಲುಬಿನ ಬಿರುಕು ಇರಬಹುದು. ಅವತ್ತೇ ಓಟ ನಿಲ್ಲಿಸಿ ಎಲುಬಿನ ವೈದ್ಯರ ಹತ್ತಿರ ಹೋಗಬೇಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌-ರೇಯಲ್ಲಿ ಕಾಣದೆ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಹಾಗಾಗಿ "ಎಕ್ಸ್‌-ರೇ ಚೊಲೋ ಬಂದದ" ಅಂತ ಮತ್ತೆ ಓಡಲು ಹೊರಡಬೇಡಿ. ನೋವು ಹೋಗಿಲ್ಲ ಅಂದರೆ ಮತ್ತೆ ತೋರಿಸಿ. ತೊಡೆಸಂದಿನಲ್ಲಿ ಆಳದ ನೋವು ಬಂದರೆ ಇನ್ನೂ ಅವಸರ ಮಾಡಬೇಕು. ತೊಡೆಯೆಲುಬಿನ ಕುತ್ತಿಗೆಯಲ್ಲಿ ಬಿರುಕಿದ್ದರೆ ಅದು ಪೂರ್ತಿ ಮುರಿಯುವ ಅಪಾಯ ಇದೆ.

ಓಡುವ ಹುಡುಗಿಯರ ವಿಷಯದಲ್ಲಿ ಒಂದು ಮಾತು ಸೇರಿಸಲೇಬೇಕು. ತರಬೇತಿ ಜಾಸ್ತಿಯಾಗಿ, ಊಟ ಸಾಲದೆ, ತಿಂಗಳ ಮುಟ್ಟು ನಿಂತಿದ್ದರೆ ಅದು ಎಲುಬು ಸೊರಗುತ್ತಿರುವ ಸೂಚನೆ. "ಓಡುವವರಿಗೆ ಹಂಗ ಆಗ್ತದ" ಎಂದು ಬಿಡುವಂಥದ್ದಲ್ಲ. ಹಾಸ್ಟೆಲ್ಲಿನಲ್ಲಿ ಇರುವವರು ಎರಡು ರೊಟ್ಟಿ ಹೆಚ್ಚೇ ತಿನ್ನಬೇಕು, ಜೊತೆಗೆ ಮೊಸರು, ಕಾಳು, ಶೇಂಗಾ ಇರಬೇಕು, ಮತ್ತು ವೈದ್ಯರಿಗೆ ಹೇಳಬೇಕು.

ಕಣಕಾಲು ಉಳುಕಿದಾಗ ಎಕ್ಸ್‌-ರೇ ಬೇಕೋ ಬೇಡವೋ ಎನ್ನಲು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಕೊಟ್ಟ ನಿಯಮ ಜಗತ್ತಿನ ತುಂಬಾ ಬಳಕೆಯಲ್ಲಿದೆ, ಮನೆಯಲ್ಲೇ ನೋಡಿಕೊಳ್ಳಬಹುದು. ಉಳುಕಿದ ಕೂಡಲೇ ಮತ್ತು ಈಗಲೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ? ಕಣಕಾಲಿನ ಒಳಗೂ ಹೊರಗೂ ಇರುವ ಉಬ್ಬು ಎಲುಬಿನ ಹಿಂಬದಿ ಅಂಚನ್ನು ಕೆಳಗಿನ ಆರು ಸೆಂಟಿಮೀಟರಿನಷ್ಟು ಒತ್ತಿ ನೋಡಿದರೆ ನೋಯುತ್ತದೆಯೇ? ಪಾದದ ಹೊರ ಅಂಚಿನ ನಡುವೆ ಗಂಟಿನಂತೆ ಸಿಗುವ ಎಲುಬು, ಅಥವಾ ಪಾದದ ಒಳಬದಿಯಲ್ಲಿ ಕಮಾನಿನ ಮೇಲಿರುವ ಎಲುಬು ಒತ್ತಿದರೆ ನೋಯುತ್ತದೆಯೇ? ಒಂದಕ್ಕೆ ಹೌದು ಎಂದಾದರೂ ಎಕ್ಸ್‌-ರೇ ತೆಗೆಸಿ. ಯಾವುದೂ ಇಲ್ಲದಿದ್ದರೆ ಎಲುಬು ಮುರಿದಿರುವ ಸಾಧ್ಯತೆ ಬಹಳ ಕಡಿಮೆ. ಮೊದಲ ಎರಡು ದಿನ ಕಾಲು ಎತ್ತರಕ್ಕಿಟ್ಟು, ಕ್ರೇಪ್ ಬ್ಯಾಂಡೇಜ್ ಕಟ್ಟಿ, ತಾಳುವಷ್ಟು ಮಾತ್ರ ನಡೆಯಿರಿ. ಆ ಎರಡು ದಿನ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸುವುದು, ಜಗ್ಗಿ ಉಳುಕು ತೆಗೆಸುವುದು ಬೇಡ. ಹರಿದ ಎಳೆಗಳಿಂದ ಒಳಗೇ ರಕ್ತ ಇನ್ನಷ್ಟು ಹರಿದು ಬಾವು ಏರುತ್ತದೆ.

ಮೀನಖಂಡ ಒಂದೇ ಕಾಲಲ್ಲಿ ಬಾತು ಬಿಸಿಯಾಗಿದ್ದರೆ, ಮೊಣಕಾಲು ಸಿಕ್ಕಿಹಾಕಿಕೊಂಡು ಮಡಚಲು ಬಾರದಿದ್ದರೆ, ಕಾಲು ಜೋಮು ಹಿಡಿದು ಹೋಗದಿದ್ದರೆ, ಅವು ಯಾವುವೂ ಸಣ್ಣ ನೋವಲ್ಲ.

ನೋವಿನ ಮಾತ್ರೆ ನುಂಗಿ ಓಡಲು ಹೋಗುವುದಂತೂ ಬೇಡವೇ ಬೇಡ. ಎಚ್ಚರಿಕೆ ಕೊಡುವ ಒಂದೇ ದನಿಯನ್ನು ಅದು ಮುಚ್ಚುತ್ತದೆ. ಬಿಸಿಲಿನಲ್ಲಿ ಬೆವರಿ ಮೈಯ ನೀರು ಇಳಿದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಕಿಡ್ನಿಗೂ ಹೊಟ್ಟೆಗೂ ಕೆಡುಕು.

ಮರುದಿನದ ಬೆಳಗು

ಎಲುಬಿನದ್ದಲ್ಲ, ಟೆಂಡನ್ನಿನದೋ ಮೊಣಕಾಲ ಚಿಪ್ಪಿನದೋ ಅಂಗಾಲಿನದೋ ನೋವು ಎಂದು ಗೊತ್ತಾಯಿತು ಅಂದುಕೊಳ್ಳಿ. ಈಗ ಎಷ್ಟು ಓಡಬಹುದು? ಅಳತೆಗೋಲು ಸರಳ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ಓಡುವಾಗ ಮೂರರವರೆಗೆ ಇದ್ದರೆ ನಡೆಯುತ್ತದೆ. ಟೆಂಡನ್ ಆದರೆ ಐದರವರೆಗೂ ತಾಳಿಕೊಳ್ಳಬಹುದು ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಹೇಳುತ್ತಾರೆ. ಆದರೆ ನಿಜವಾದ ತೀರ್ಪು ಬರುವುದು ಮರುದಿನ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆಯಲ್ಲಿ. ನಿನ್ನೆ ಬೆಳಿಗ್ಗೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ನೋವಿದ್ದರೆ ನಿನ್ನೆಯ ಭಾರ ಸರಿಯಾಗಿತ್ತು. ಹೆಚ್ಚಿದ್ದರೆ ಅದು ಜಾಸ್ತಿಯಾಯಿತು, ಇವತ್ತು ಇಳಿಸಬೇಕು. ಅಂಗಾಲಿನ ನೋವಿನವರು, ಹಿಮ್ಮಡಿ ನರದವರು ಈ ಬೆಳಗಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಮನಸ್ಸು ನಿನ್ನೆಯ ನೋವನ್ನು ಬೇಗ ಮರೆಯುತ್ತದೆ, ಓಡುವ ಆಸೆ ಇದ್ದಾಗ ಇನ್ನೂ ಬೇಗ.

ನೋವಿನಿಂದ ನಡಿಗೆ ಬದಲಾದರೆ, ಅಂದರೆ ಕುಂಟುತ್ತಿದ್ದರೆ, ಅಂಕ ಎಷ್ಟೇ ಇರಲಿ ಅವತ್ತು ಓಟ ಇಲ್ಲ. ಕುಂಟಿ ಓಡಿದರೆ ಇನ್ನೊಂದು ಕಾಲು ಕೆಡುತ್ತದೆ.

ಮೊಣಕಾಲ ಚಿಪ್ಪಿನ ಸುತ್ತ ನೋವಿರುವವರಿಗೆ ಒಂದು ಉಪಾಯ ಬಹಳ ಸಲ ಫಲ ಕೊಡುತ್ತದೆ. ವೇಗ ಅಷ್ಟೇ ಇಟ್ಟು ಹೆಜ್ಜೆಗಳನ್ನು ಚಿಕ್ಕದು ಮಾಡಿ. ನಿಮಿಷಕ್ಕೆ 160 ಹೆಜ್ಜೆ ಇದ್ದರೆ 168ರಿಂದ 176ಕ್ಕೆ ಏರಿಸಿ. ಐದರಿಂದ ಹತ್ತು ಪ್ರತಿಶತದ ಈ ಏರಿಕೆಯಿಂದ ಮೊಣಕಾಲಿನ ಮೇಲೆ ಬೀಳುವ ಭಾರ ಇಳಿಯುತ್ತದೆ ಎಂದು ಅಳತೆ ಮಾಡಿ ತೋರಿಸಿದ್ದಾರೆ.

ಏರು, ಇಳಿಜಾರು, ಅಡ್ಡ ನೆಲ

ಓರಿಯಂಟೀರಿಂಗ್‌ನಲ್ಲಿ ದಾರಿ ಆರಿಸುವುದೇ ಆಟದ ಜೀವಾಳ. ನೋವಿದ್ದಾಗ ಈ ಆಯ್ಕೆ ಬದಲಾಗಬೇಕು ಅನ್ನುವುದನ್ನು ಹೇಳಿಕೊಡುವವರು ಕಡಿಮೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಕಂಟ್ರೋಲ್ ನಡುವೆ ಒಂದು ದಿನ್ನೆ ಇದೆ. ನೇರ ಹತ್ತಿ ಇಳಿದರೆ 500 ಮೀಟರ್, 40 ಮೀಟರ್ ಏರು. ಬಳಸಿಕೊಂಡು ಹೋದರೆ ಸಮತಟ್ಟಾದ 750 ಮೀಟರ್. ಯಾವುದು ಬೇಗ? ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟ ನಡೆಯುವವರಿಗೆ ಕೊಟ್ಟ ಲೆಕ್ಕ ಹೀಗಿದೆ. ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಅಂದರೆ ಒಂದು ಮೀಟರ್ ಏರು ಸುಮಾರು ಎಂಟು ಮೀಟರ್ ಸಮ ನೆಲಕ್ಕೆ ಸಮ. 40 ಮೀಟರ್ ಏರಿಗೆ 320 ಮೀಟರ್ ಸೇರಿಸಿ. ನೇರ ದಾರಿ 820 ಆಯಿತು, ಬಳಸು ದಾರಿಯೇ ವಾಸಿ.

ಈಗ ಇದರ ಮೇಲೆ ನೋವಿನ ಲೆಕ್ಕ ಹಾಕಿ. ಏರುವಾಗ ಭಾರ ಬೀಳುವುದು ಮೀನಖಂಡ, ಹಿಮ್ಮಡಿ ನರ, ಅಂಗಾಲಿನ ಮೇಲೆ. ಇಳಿಯುವಾಗ ತೊಡೆಯ ಮುಂಭಾಗ, ಮೊಣಕಾಲ ಚಿಪ್ಪು, ಮೊಣಕಾಲಿನ ಹೊರಬದಿಯ ಪಟ್ಟಿ ದುಡಿಯುತ್ತವೆ. ಹಾಗಾಗಿ ಹಿಮ್ಮಡಿ ನರದ ನೋವಿರುವವರು ವಿಶ್ವವಿದ್ಯಾಲಯದ ಛೋಟಾ ಮಹಾಬಳೇಶ್ವರ ಗುಡ್ಡವನ್ನು ನಿಧಾನವಾಗಿ ನಡೆದು ಹತ್ತಿ, ಇಳಿಜಾರಿನಲ್ಲಿ ಬೇಕಾದರೆ ಮೆಲ್ಲಗೆ ಓಡಬಹುದು. ಮೊಣಕಾಲಿನವರಿಗೆ ಇದರ ಉಲ್ಟಾ. ಏರನ್ನು ಓಡಿ, ಇಳಿಜಾರನ್ನು ನಡೆದು ಇಳಿಯಬೇಕು. ಒಂದೇ ಗುಡ್ಡ ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಪೆಟ್ಟು. "ಗುಡ್ಡ ಹತ್ತಬ್ಯಾಡ್ರಿ" ಎನ್ನುವ ಒಟ್ಟಾರೆ ಸಲಹೆ ಅದಕ್ಕೇ ಉಪಯೋಗಕ್ಕೆ ಬಾರದು.

ಕಣಕಾಲು ಉಳುಕಿದವರಿಗೆ ಏರೂ ಅಲ್ಲ, ಇಳಿಜಾರೂ ಅಲ್ಲ, ಗುಡ್ಡದ ಪಕ್ಕೆಯಲ್ಲಿ ಅಡ್ಡಲಾಗಿ ಹೋಗುವುದು ಕಷ್ಟ. ಬಹುತೇಕ ಉಳುಕು ಆಗುವುದು ಪಾದ ಒಳಕ್ಕೆ ಮಗುಚಿ, ಹೊರಬದಿಯ ಲಿಗಮೆಂಟ್ ಎಳೆದಾಗ. ಪಕ್ಕೆಯಲ್ಲಿ ಅಡ್ಡ ನಡೆಯುವಾಗ ತಗ್ಗಿನ ಕಡೆಗಿರುವ ಪಾದ ಆ ದಿಕ್ಕಿಗೇ ವಾಲುತ್ತದೆ. ಗುಡ್ಡದ ಕಡೆಗಿರುವ ಪಾದ ಹಾಗೆ ವಾಲುವುದಿಲ್ಲ. ಬಲಗಾಲು ಉಳುಕಿದ್ದರೆ ಗುಡ್ಡ ನಿಮ್ಮ ಬಲಕ್ಕೆ ಬರುವ ಹಾಗೆ ದಾರಿ ಆರಿಸಿ. ರಸ್ತೆಯ ಅಂಚಿಗೂ ಇದೇ ಮಾತು. ಡಾಂಬರು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದೆ. ಎದುರಿಗೆ ಬರುವ ಗಾಡಿ ಕಾಣಲಿ ಎಂದು ಬಲ ಅಂಚಿನಲ್ಲಿ ಓಡಿದರೆ ಬಲ ಪಾದ ದಿನಾ ತಗ್ಗಿನಲ್ಲೇ ಬೀಳುತ್ತದೆ. ಸುರಕ್ಷತೆ ಬಿಟ್ಟು ಎಡಕ್ಕೆ ಹೋಗಿ ಎನ್ನುತ್ತಿಲ್ಲ. ಉಳುಕು ಮಾಯುವ ತನಕ ರಸ್ತೆ ಬಿಟ್ಟು ಮೈದಾನಕ್ಕೋ ಕೆರೆ ದಂಡೆಗೋ ಹೋಗಿ.

ಕಣ್ಣು ನಕ್ಷೆಯ ಮೇಲೆ, ಕಾಲು ಕಲ್ಲಿನ ಮೇಲೆ

ಉಳುಕಿದ ಕಣಕಾಲು ನೋವು ಹೋದ ಕೂಡಲೇ ವಾಸಿಯಾಯಿತು ಅಂದುಕೊಳ್ಳುತ್ತೇವೆ. ಆದರೆ ಲಿಗಮೆಂಟಿನ ಕೆಲಸ ಬಿಗಿದು ಹಿಡಿಯುವುದಷ್ಟೇ ಅಲ್ಲ. ಪಾದ ಎಷ್ಟು ವಾಲಿದೆ ಎನ್ನುವ ಸುದ್ದಿಯನ್ನು ಮೆದುಳಿಗೆ ಕಳಿಸುವ ನರದ ತುದಿಗಳು ಅದರಲ್ಲಿವೆ. ಉಳುಕಿದಾಗ ಆ ಸುದ್ದಿ ಮಂಕಾಗುತ್ತದೆ. ಕಲ್ಲಿನ ಮೇಲೆ ಪಾದ ವಾಲಿದಾಗ ಹೊರಬದಿಯ ಸ್ನಾಯುಗಳು ಎಳೆದು ನಿಲ್ಲಿಸಬೇಕು, ಅವು ತಡವಾಗಿ ಏಳುತ್ತವೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಇದರಿಂದಲೇ.

ರಸ್ತೆಯಲ್ಲಿ ಓಡುವವರಿಗೆ ಈ ಕೊರತೆಯನ್ನು ಕಣ್ಣು ತುಂಬಿಕೊಡುತ್ತದೆ. ಹೊಂಡ ಕಂಡರೆ ಹೆಜ್ಜೆ ತಪ್ಪಿಸುತ್ತಾರೆ. ಓರಿಯಂಟೀರಿಂಗ್ ಮಾಡುವವರ ಕಣ್ಣು ನಕ್ಷೆಯ ಮೇಲಿರುತ್ತದೆ, ಮನಸ್ಸು ಮುಂದಿನ ಕಂಟ್ರೋಲ್ ಕಡೆ. ಕಾಲಿಗೆ ಕಣ್ಣಿನ ಸಹಾಯ ಇಲ್ಲ, ಒಳಗಿನ ಸುದ್ದಿಯೂ ಮಂಕು. ರಸ್ತೆಯಲ್ಲಿ ಹತ್ತು ಕಿಲೋಮೀಟರ್ ನೋವಿಲ್ಲದೆ ಓಡಿದವರು ಕಾಡಿನಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಮತ್ತೆ ಉಳುಕಿಸಿಕೊಳ್ಳುವುದು ಹೀಗೆ. ನಕ್ಷೆ ಹಿಡಿದು ಒರಟು ನೆಲದಲ್ಲಿ ಓಡುವುದು ವಾಪಸಾತಿಯ ಕೊನೆಯ ಮೆಟ್ಟಿಲಾಗಿರಬೇಕು.

ಆ ಮೆಟ್ಟಿಲು ಮುಟ್ಟಲು ಒಂದು ಕ್ರಮ ಇದೆ. ನೋವಿಲ್ಲದೆ ನಿಲ್ಲಲು ಬಂದ ದಿನದಿಂದಲೇ ಒಂಟಿಗಾಲಲ್ಲಿ ಅರ್ಧ ನಿಮಿಷ ನಿಲ್ಲುವುದನ್ನು ಶುರು ಮಾಡಿ. ಹಲ್ಲುಜ್ಜುವಾಗ ಮಾಡಿದರೆ ಮರೆಯುವುದಿಲ್ಲ. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ. ಆಮೇಲೆ ಮಡಚಿದ ಕೌದಿ ಅಥವಾ ದಿಂಬಿನ ಮೇಲೆ ನಿಲ್ಲಿ. ಆಮೇಲೆ ಒಂಟಿಗಾಲಲ್ಲಿ ನಿಂತು ನಕ್ಷೆ ಓದಿ. ಮುಂದಿನ ಕಂಟ್ರೋಲಿಗೆ ಯಾವ ದಾರಿ, ಎಷ್ಟು ಏರು, ದಾರಿಯಲ್ಲಿ ಏನೇನು ಸಿಗುತ್ತದೆ ಎಂದು ಗಟ್ಟಿಯಾಗಿ ಹೇಳಿ. ನಿಮ್ಮ ಆಟ ಕೇಳುವುದು ಇದೇ ಕೌಶಲವನ್ನು, ಅಲ್ವಾ? ಮನೆಯ ನೆಲದ ಮೇಲೆ ಹೇಳುತ್ತಾ ವಾಲುವವರು ಗುಡ್ಡದಲ್ಲಿ ಖಂಡಿತ ವಾಲುತ್ತಾರೆ.

ನೆಲವನ್ನೂ ಹಂತ ಹಂತವಾಗಿ ಬದಲಿಸಬೇಕು. ಚುರುಕಾಗಿ ಅರ್ಧ ಗಂಟೆ ನಡೆಯಲು ಬಂದ ಮೇಲೆ ಮೈದಾನದಲ್ಲಿ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಆಮೇಲೆ ಕೆರೆ ದಂಡೆಯ ಸಮ ಹಾದಿ. ಆಮೇಲೆ ಗರಸಿನ ರಸ್ತೆ, ಏರಿಳಿತ. ಆಮೇಲೆ ನಕ್ಷೆ ಇಲ್ಲದೆ ಕಾಲುಹಾದಿಯ ಓಟ. ನಂತರ ನಕ್ಷೆ ಹಿಡಿದು ಅದೇ ನೆಲದಲ್ಲಿ ನಡಿಗೆ. ಕೊನೆಗೆ ಎರಡನ್ನೂ ಕೂಡಿಸಿದ ಓಟ. ಪ್ರತಿ ಮೆಟ್ಟಿಲಿಗೂ ಮರುದಿನದ ಬೆಳಗು ಒಪ್ಪಬೇಕು.

ನಮ್ಮ ಕಡೆಯ ನೆಲದ ಬಗ್ಗೆ ಎಚ್ಚರಿಕೆ ಬೇರೆಯೇ ಬೇಕು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ-ಅಳ್ನಾವರ ಕಡೆ ಮಸಾರಿ ಮಣ್ಣು. ಮಳೆ ಬಂದರೂ ಬೇಗ ಬಸಿಯುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರಿ ಭೂಮಿ. ಮಳೆಗಾಲದಲ್ಲಿ ಎರಿ ಮಣ್ಣು ಬೂಟಿಗೆ ಮೆತ್ತಿ ಹೆಜ್ಜೆಗೊಂದು ಸೇರು ಭಾರ ಏರುತ್ತದೆ, ಹಿಮ್ಮಡಿ ನರಕ್ಕೂ ಮೊಣಕಾಲಿಗೂ ಕಷ್ಟ. ಬೇಸಿಗೆಯಲ್ಲಿ ಅದೇ ಹೊಲ ಪಾದ ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮೇಲೆ ಒಣ ಕಸ ಮುಚ್ಚಿದ್ದರೆ ಬಿರುಕು ಕಾಣುವುದೂ ಇಲ್ಲ. ಉಳುಕು ಮಾಯುತ್ತಿರುವವರು ಬೇಸಿಗೆಯ ಎರಿ ಹೊಲಕ್ಕೆ ಇಳಿಯದೆ ಬದುವಿನ ಮೇಲೋ ಬಂಡಿ ದಾರಿಯಲ್ಲೋ ಹೋಗಬೇಕು. ಗದಗದ ಕಪ್ಪತಗುಡ್ಡ ಸಡಿಲ ಕಲ್ಲಿನ ಗುಡ್ಡ. ಅದು 2019ರಿಂದ ವನ್ಯಜೀವಿ ಧಾಮವೂ ಆಗಿದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದಾರಿ ಬಿಟ್ಟು ಓಡುವ ಹಾಗಿಲ್ಲ.

ಕೂತು ಮಾಡುವ ತರಬೇತಿ

ಕಾಲಿಗೆ ಬಿಡುವು ಸಿಕ್ಕ ವಾರಗಳಲ್ಲಿ ನಕ್ಷೆಯ ಕೆಲಸಕ್ಕೆ ಕೈ ಹಾಕಿ. ಓಡುವ ದಿನಗಳಲ್ಲಿ ಇದಕ್ಕೆ ಹೊತ್ತೇ ಸಿಗುವುದಿಲ್ಲ. ಜೋರು ಓಟಗಾರರು ಕಾಡಿನಲ್ಲಿ ಸೋಲುವುದು ದಮ್ಮಿನ ಕೊರತೆಯಿಂದ ಅಲ್ಲ. ಒಂದು ತಪ್ಪು ಕಣಿವೆಗೆ ಇಳಿದು ಕಳೆದ ಐದು ನಿಮಿಷವನ್ನು ಯಾವ ವೇಗವೂ ತುಂಬಿಕೊಡದು.

ಮೊದಲು ನಕ್ಷೆಯ ಬಣ್ಣ ಬಾಯಿಪಾಠ ಆಗಬೇಕು. ಇಲ್ಲಿ ಶಾಲೆಯ ಭೂಗೋಳದ ಲೆಕ್ಕ ನಡೆಯುವುದಿಲ್ಲ. ಓರಿಯಂಟೀರಿಂಗ್ ನಕ್ಷೆಯಲ್ಲಿ ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಕಾಡು, ಹಸಿರು ದಟ್ಟವಾದಷ್ಟೂ ಒಳಗೆ ಹೋಗುವುದು ಕಷ್ಟ. ಹಳದಿ ಬಯಲು, ನೀಲಿ ನೀರು, ಕಂದು ಗೆರೆ ನೆಲದ ಏರಿಳಿತ, ಕಪ್ಪು ಬಂಡೆ ಮತ್ತು ಮನುಷ್ಯರು ಕಟ್ಟಿದ್ದು. ಕಾಡಿನ ನಕ್ಷೆಯ ಅಳತೆ ಸಾಮಾನ್ಯವಾಗಿ 1:15,000 ಅಥವಾ 1:10,000, ಊರೊಳಗಿನ ಸ್ಪ್ರಿಂಟ್ ಓಟಕ್ಕೆ 1:4,000. ಎರಡು ಕಂದು ಗೆರೆಗಳ ನಡುವೆ ಸಾಮಾನ್ಯವಾಗಿ ಐದು ಮೀಟರ್ ಏರು. ಸರ್ವೆ ಆಫ್ ಇಂಡಿಯಾದ ಸರ್ಕಾರಿ ನಕ್ಷೆಯಾದ 1:50,000 ಟೋಪೋಶೀಟ್‌ನಲ್ಲಿ ಆ ಅಂತರ 20 ಮೀಟರ್. ಅಂದರೆ ಓರಿಯಂಟೀರಿಂಗ್ ನಕ್ಷೆಯಲ್ಲಿ ಮೂರು ಗೆರೆಯಾಗಿ ಕಾಣುವ ದಿನ್ನೆ ಟೋಪೋಶೀಟ್‌ನಲ್ಲಿ ಇಲ್ಲವೇ ಇಲ್ಲ ಎನ್ನಿಸಬಹುದು. ಆದರೂ ಕಾಂಟೂರ್, ಅಂದರೆ ಈ ಏರಿಳಿತದ ಗೆರೆ, ಓದುವ ಅಭ್ಯಾಸಕ್ಕೆ ಟೋಪೋಶೀಟ್ ಸಾಕು. ಒಂದು ಕಣಿವೆ ಆರಿಸಿ, ಎರಡು ನಿಮಿಷ ನೋಡಿ, ಮುಚ್ಚಿಟ್ಟು ನೆನಪಿನಿಂದ ಬಿಡಿಸಿ. U ಆಕಾರದಲ್ಲಿ ಬಾಗಿದ ಗೆರೆಯ ಬಾಯಿ ತಗ್ಗಿನ ಕಡೆಗೋ ದಿಬ್ಬದ ಕಡೆಗೋ ಎನ್ನುವ ಗೊಂದಲ ಹೀಗೆ ಬಿಡಿಸುವಾಗಲೇ ಹೋಗುತ್ತದೆ.

ನಡೆಯಲು ಬರುತ್ತಿದ್ದರೆ ಇನ್ನೂ ಒಳ್ಳೆಯದು. ವಿಶ್ವವಿದ್ಯಾಲಯದ ಆವರಣದಂಥ ಜಾಗದಲ್ಲಿ ನಕ್ಷೆಯನ್ನು ಮಡಚಿ, ಇರುವ ಜಾಗದ ಮೇಲೆ ಹೆಬ್ಬೆರಳು ಇಟ್ಟು ನಡೆಯಿರಿ. ತಿರುವು ಬರುವ ಮುಂಚೆಯೇ ಮುಂದೆ ಏನು ಕಾಣಬೇಕು ಎಂದು ಹೇಳಿಕೊಳ್ಳಿ. ಎಡಕ್ಕೆ ಕಟ್ಟಡ, ಆಮೇಲೆ ಇಳಿಜಾರು, ಆಮೇಲೆ ಎರಡು ದಾರಿ ಕೂಡುವ ಜಾಗ. ಕಂಡದ್ದು ಹೇಳಿದ್ದಕ್ಕೆ ಹೊಂದದಿದ್ದರೆ ಅಲ್ಲೇ ನಿಂತು ಕೊನೆಯ ಖಚಿತ ಗುರುತಿಗೆ ಮನಸ್ಸಿನಲ್ಲೇ ವಾಪಸ್ ಹೋಗಿ. ಓಡುವಾಗ ಈ ಅಭ್ಯಾಸ ಕಟ್ಟಲು ಆಗುವುದಿಲ್ಲ, ಕಾಲು ತಲೆಗಿಂತ ಮುಂದೆ ಹೋಗಿಬಿಡುತ್ತದೆ. ಹೆಜ್ಜೆ ಎಣಿಕೆಯನ್ನೂ ಈಗಲೇ ಕಲಿಯಿರಿ. ನೂರು ಮೀಟರಿಗೆ ನಿಮ್ಮ ಎಡಗಾಲು ಎಷ್ಟು ಸಲ ನೆಲ ಮುಟ್ಟುತ್ತದೆ ಎಂದು ಸಮ ನೆಲದಲ್ಲಿ, ಏರಿನಲ್ಲಿ, ಪೊದೆಯ ನಡುವೆ ಬೇರೆ ಬೇರೆ ಬರೆದಿಡಿ. ಓಟಕ್ಕೆ ಮರಳಿದಾಗ ಮತ್ತೆ ಎಣಿಸಬೇಕಾಗುತ್ತದೆ, ಓಟದ ಹೆಜ್ಜೆ ಉದ್ದ.

ಕೈಲಾದರೆ ಒಂದು ಸಣ್ಣ ಜಾಗದ ನಕ್ಷೆಯನ್ನೇ ಮಾಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎನ್ನುವ ಉಚಿತ ಆನ್‌ಲೈನ್ ನಕ್ಷೆಯ ಆಧಾರ ಇಟ್ಟುಕೊಂಡು, ಓಪನ್‌ಓರಿಯಂಟೀರಿಂಗ್ ಮ್ಯಾಪರ್ ಎನ್ನುವ ಉಚಿತ ತಂತ್ರಾಂಶದಲ್ಲಿ ನಿಮ್ಮ ಕಾಲೇಜು ಆವರಣವನ್ನು ಬಿಡಿಸಬಹುದು. ಪ್ರತಿ ಗಿಡ, ಗೋಡೆ, ಮೆಟ್ಟಿಲನ್ನು ನಡೆದು ನೋಡಿ ಗುರುತು ಮಾಡಿದವರಿಗೆ ಬೇರೆಯವರ ನಕ್ಷೆ ಓದುವುದು ಬಹಳ ಸಲೀಸು. ನೋವಿನ ವಾರಗಳನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣುವುದಿಲ್ಲ. ಆಮೇಲೆ ಆ ನಕ್ಷೆಯಲ್ಲಿ ಊರ ಹುಡುಗರೂ ಓಡಬಹುದು.

ಮತ್ತೆ ಸ್ಪರ್ಧೆಗೆ

ಮೊದಲ ಸ್ಪರ್ಧೆಗೆ ಹೋಗುವ ಮುಂಚೆ ಕಾಲನ್ನು ಪರೀಕ್ಷಿಸಿ. ನೋವಿದ್ದ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಬರಬೇಕು. ಒಂಟಿಗಾಲಲ್ಲಿ ಹಿಮ್ಮಡಿ ಎತ್ತುವುದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಆಗಬೇಕು. ಒರಟು ನೆಲದಲ್ಲಿ ನಕ್ಷೆ ಹಿಡಿದು ಓಡಿದ ಮರುದಿನ ನೋವು ಏರಿರಬಾರದು. ಕಣಕಾಲಿಗೆ ಲೇಸ್ ಕಟ್ಟುವ ಬ್ರೇಸ್ ಹಾಕುವುದರಲ್ಲಿ ನಾಚಿಕೆ ಏನಿಲ್ಲ, ಮತ್ತೆ ಉಳುಕುವುದನ್ನು ಅದು ನಿಜವಾಗಿ ಕಡಿಮೆ ಮಾಡುತ್ತದೆ.

ನಿಮ್ಮ ಮಾಮೂಲಿ ದರ್ಜೆಗಿಂತ ಚಿಕ್ಕ ಕೋರ್ಸ್ (ಮುಟ್ಟಬೇಕಾದ ಕಂಟ್ರೋಲ್‌ಗಳ ಸರಣಿ) ಆರಿಸಿ. ನಕ್ಷೆ ಓದಬೇಕಾದಾಗ ಒರಟು ನೆಲದಲ್ಲಿ ನಿಂತು ಓದಿ, ಸಮ ನೆಲದಲ್ಲಿ ಮಾತ್ರ ಓಡುತ್ತಾ ಓದಿ. ಇದರಿಂದ ಕಳೆಯುವ ಹೊತ್ತು ಬಹಳ ಕಡಿಮೆ. ಎಲ್ಲಿ ಬಿಟ್ಟು ಬರಬಹುದು ಎಂದು ಶುರುವಿನಲ್ಲೇ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಿ. ರಸ್ತೆಗೆ ಹತ್ತಿರ ಇರುವ ಒಂದೆರಡು ಕಂಟ್ರೋಲ್ ಅದಕ್ಕೆ ಸರಿ. ಸೀಟಿ ಜೊತೆಗಿರಲಿ. ನೋವಿನ ಅಂಕ ಮೂರು, ಟೆಂಡನ್ ಆದರೆ ಐದು, ದಾಟಿದರೆ ಅಲ್ಲಿಂದ ಹೊರಗೆ ಬನ್ನಿ. ಅರ್ಧಕ್ಕೆ ಬಿಟ್ಟರೂ ನೇರ ಮನೆಗೆ ಹೋಗಬೇಡಿ. ಮುಕ್ತಾಯದ ಜಾಗಕ್ಕೆ ಹೋಗಿ ಹೆಸರು ಹೇಳಿ, ಕಂಟ್ರೋಲ್ ಮುಟ್ಟಿದ್ದನ್ನು ದಾಖಲಿಸುವ ಕಾರ್ಡ್ ಕೊಟ್ಟು ಹೋಗಲೇಬೇಕು. ಇಲ್ಲದಿದ್ದರೆ ನೀವು ಇನ್ನೂ ಕಾಡಿನಲ್ಲೇ ಇದ್ದೀರಿ ಎಂದು ಹುಡುಕಲು ಜನ ಹೊರಡುತ್ತಾರೆ.